ಮಂಡಿ ವಿಚಾರಿಸಿದ ಡೌನ್‌ಲೋಡ್

ಸೋಮವಾರ ಬೆಳಿಗ್ಗೆ ಹತ್ತೂವರೆಗೆ, ಕನ್ನಡಕದಂಗಡಿಯ ಮೇಲಿನ ಮಹಡಿಯ ಆಫೀಸಿನಲ್ಲಿ ಫೋನು ಆರನೇ ಸಲ ಹೊಡೆದುಕೊಂಡಾಗ ಪ್ಯಾಚಮ್ಮ ಅದನ್ನು ಎತ್ತಲಿಲ್ಲ. ಮೊದಲ ಐದು ಕರೆಗಳಲ್ಲಿ ಕೇಳಿಸಿಕೊಂಡದ್ದೇ ಸಾಕಾಗಿತ್ತು. "ನಿಮ್ಮ ಲೈಬ್ರರಿ ಕೈಕೊಟ್ಟಿದೆ" ಎಂದು ಒಬ್ಬರು, "ಮಲಗಿಬಿಟ್ಟಿದೆ" ಎಂದು ಇನ್ನೊಬ್ಬರು, "ಸತ್ತೇಹೋಗಿದೆ" ಎಂದು ಮಿಕ್ಕ ಮೂವರು.

ಅವಳ ನಿಜವಾದ ಹೆಸರು ಆಫೀಸಿನಲ್ಲಿ ಯಾರ ಬಾಯಲ್ಲೂ ಉಳಿದಿರಲಿಲ್ಲ. ಹರಿದ ಪ್ರೋಗ್ರಾಮಿಗೆ ತೇಪೆ ಹಾಕುವುದೇ ಅವಳ ಕೆಲಸವಾದ್ದರಿಂದ ಪ್ಯಾಚಮ್ಮ ಎಂಬ ಹೆಸರು ಅಂಟಿಕೊಂಡಿತ್ತು. ಲೈಬ್ರರಿ ಎಂದರೆ ಪುಸ್ತಕದ ಕಪಾಟಲ್ಲ. ಬೇರೆಯವರು ತಮ್ಮ ಪ್ರೋಗ್ರಾಮಿನೊಳಗೆ ಎತ್ತಿಟ್ಟುಕೊಂಡು ಬಳಸುವ ಸಿದ್ಧ ಸಾಮಾನು. ಇವರ ಲೈಬ್ರರಿಯ ಕಸುಬು ಒಂದೇ. ಬಂದರು ಕಚೇರಿಯ ಸರ್ವರಿಗೆ ಹೋಗಿ, ಸಮುದ್ರದ ನೀರು ಯಾವ ಹೊತ್ತಿನಲ್ಲಿ ಎಷ್ಟು ಏರಿತ್ತು, ಎಷ್ಟು ಇಳಿದಿತ್ತು ಎಂಬ ಕಡತಗಳನ್ನು ಹೊತ್ತು ತಂದುಕೊಡುವುದು. ಸೇತುವೆ ಕಟ್ಟುವವರು, ಚರಂಡಿ ತೋಡುವವರು, ದೋಣಿ ಓಡಿಸುವವರು, ಹೀಗೆ ಮುನ್ನೂರು ಚಿಲ್ಲರೆ ಕಡೆ ಅದನ್ನೇ ನೆಚ್ಚಿಕೊಂಡಿದ್ದರು.

ಆಫೀಸಿನಲ್ಲಿ ಇದ್ದವರು ಮೂವರು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ವರ್ಷಕ್ಕೆ ನಾಲ್ಕು ಮಾತಾಡುವ ಮೌನಿ, ಪ್ಯಾಚಮ್ಮ, ಮತ್ತು ಇಬ್ಬರಿಗೂ ಮೇಲಿನ 'ಇವತ್ತೇ ಸಾರ್'. ಯಾವ ಕೆಲಸ ಹೇಳಿದರೂ ಅವರು ಮಾತು ಮುಗಿಸುತ್ತಿದ್ದದ್ದು "ಇವತ್ತೇ" ಎಂಬ ಪದದಿಂದ. ಒಮ್ಮೆ ಪ್ಯಾಚಮ್ಮನ ಹುಟ್ಟುಹಬ್ಬದ ದಿನ "ನೂರ್ಕಾಲ ಬಾಳಿ" ಎಂದು ಹಾರೈಸಿದ ಮೇಲೂ ಅವರ ತುಟಿ ಆ ಪದಕ್ಕಾಗಿ ತಡಕಾಡಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ಅವಳು ಲೈಬ್ರರಿಯನ್ನು ತಾನೇ ಓಡಿಸಿ ನೋಡಿದಳು. ಬಂದರಿನ ಸರ್ವರಿನಿಂದ ನಾನೂರ ಮೂರು ಎಂಬ ಉತ್ತರ ಬಂತು. ನಾನೂರ ಮೂರು ಎಂದರೆ ಒಳಗೆ ಬಿಡುವುದಿಲ್ಲ ಎಂದರ್ಥ. ಹತ್ತು ವರ್ಷದ ಕೆಲಸದಲ್ಲಿ ಅಂಥ ಸಾವಿರ ಉತ್ತರ ಕಂಡವಳೇ ಅವಳು. ಆದರೆ ಇದರ ಕೆಳಗೆ ಮನುಷ್ಯರು ಬರೆದಂಥ ಒಂದು ಸಾಲಿತ್ತು:

"ಹೆಸರು ಹೇಳದೆ ಒಂದೇ ಉಸಿರಿನಲ್ಲಿ ನಲವತ್ತು ಸಲ ಬಾಗಿಲು ಬಡಿಯುವವರಿಗೆ ಇಲ್ಲಿ ಕಡತ ದೊರೆಯುವುದಿಲ್ಲ. ಕಾರಣ ಬೇಕಾದವರು ಹನ್ನೊಂದನೇ ನಂಬರಿನ ಕೋಣೆಗೆ ಬರುವುದು. ಭೇಟಿಯ ಸಮಯ ಹನ್ನೊಂದರಿಂದ ಒಂದು."

"ಇದೇನ್ರೀ ಇದು?" ಇವತ್ತೇ ಸಾರ್ ಅವಳ ಹೆಗಲ ಮೇಲಿಂದ ಇಣುಕಿದರು. "ಸರ್ವರ್‌ಗೂ ಭೇಟಿಯ ಸಮಯ ಇರುತ್ತಾ? ವೇಷ ಹಾಕಿ ಕಳಿಸ್ರೀ. ನಾವು ಲೈಬ್ರರಿ ಅಲ್ಲ, ಮಾಮೂಲಿ ಬ್ರೌಸರ್ ಅಂತ ಹೇಳ್ಲಿ. ಮುಗೀತು. ಇವತ್ತೇ."

ಅವಳಿಗೆ ಮನಸ್ಸಿರಲಿಲ್ಲ, ಆದರೂ ಮಾಡಿದಳು. ಬ್ರೌಸರಿನ ಹೆಸರು ಹೊತ್ತ ವಿನಂತಿ ಹೋಯಿತು, ಕಡತ ಬರತೊಡಗಿತು, ಇವತ್ತೇ ಸಾರ್ ಅಂಗೈ ಉಜ್ಜಿಕೊಂಡರು. ಮೂರು ನಿಮಿಷ ಕಳೆಯುವಷ್ಟರಲ್ಲಿ ಬಾಗಿಲು ಮತ್ತೆ ಮುಚ್ಚಿತು. ಈ ಸಲ ಸಾಲು ಚಿಕ್ಕದು: "ವೇಷ ಹಾಕಿಕೊಂಡು ಬಂದವರಿಗೂ ಇಲ್ಲ."

ಪ್ಯಾಚಮ್ಮನ ಬೆನ್ನು ತಾನಾಗಿಯೇ ನೆಟ್ಟಗಾಯಿತು. "ಸಾರ್, ಆ ಕಡೆ ಯಾರೋ ಕೂತಿದಾರೆ" ಎಂದಳು.

ಬಂದರು ಕಚೇರಿಯ ಹನ್ನೊಂದನೇ ಕೋಣೆ ಉದ್ದನೆಯ ಪಡಸಾಲೆಯ ಕಟ್ಟಕಡೆಯಲ್ಲಿತ್ತು. ಒಂದು ಕಿಟಕಿ, ಅದರಾಚೆ ಕಟ್ಟೆ, ಕಟ್ಟೆಯಾಚೆ ಬೂದು ಬಣ್ಣದ ನೀರು. ಒಳಗೆ ಗೋಡೆಗೆ ಒರಗಿದ ಸರ್ವರು ಹಳೇ ಫ್ಯಾನಿನ ಹಾಗೆ ಗುಂಯ್‌ಗುಡುತ್ತಿತ್ತು. ಮೇಜಿನ ಹಿಂದೆ ನೀರಳತೆ ಮಾಸ್ತರು ಕೂತಿದ್ದರು. ಅವರು ಶಾಲೆಯಲ್ಲಿ ಎಂದೂ ಪಾಠ ಹೇಳಿದವರಲ್ಲ. ಬೆರಳೆತ್ತಿ ಮಾತಾಡುವ ಅಭ್ಯಾಸಕ್ಕೆ ಸಿಕ್ಕ ಬಿರುದು ಅದು. ಬಲಗಾಲನ್ನು ಸ್ಟೂಲಿನ ಮೇಲೆ ಚಾಚಿ, ಮಂಡಿಗೆ ಉಣ್ಣೆಯ ಪಟ್ಟಿ ಸುತ್ತಿಕೊಂಡಿದ್ದರು. ಮುಂದೆ ದಪ್ಪ ರಿಜಿಸ್ಟರು, ಕೈಯಲ್ಲಿ ಕೆಂಪು ಪೆನ್ಸಿಲು.

"ನಾವು ನೀರಿನ ಲೈಬ್ರರಿಯವರು ಸಾರ್" ಎಂದಳು ಪ್ಯಾಚಮ್ಮ.

"ಗೊತ್ತಾಯ್ತು. ಕೂತ್ಕೊಳ್ಳಿ" ಎಂದು ಮಾಸ್ತರು ರಿಜಿಸ್ಟರನ್ನು ಅವಳ ಕಡೆ ತಿರುಗಿಸಿದರು. ಸರ್ವರಿಗೆ ಯಾರು ಬಂದರು, ಏನು ಕೇಳಿದರು ಎಂಬ ದಾಖಲೆಯನ್ನು ದಿನವೂ ಅಚ್ಚು ತೆಗೆಸಿ, ಹೊಲಿಸಿ, ಸಾಲು ಸಾಲಾಗಿ ಓದಿ ಗುರುತು ಹಾಕಿದ್ದರು. ಅದನ್ನು ಕಣ್ಣಿಟ್ಟು ಓದುವ ಮನುಷ್ಯರು ಈ ಭೂಮಿಯ ಮೇಲೆ ಇದ್ದಾರೆ ಎಂದು ಅವಳು ಅಂದುಕೊಂಡಿರಲಿಲ್ಲ.

"ಶುಕ್ರವಾರ ಮೂರು ಗಂಟೆ ಹತ್ತು ನಿಮಿಷ. ಇದು ನೀವೇ ತಾನೆ?"

"ನಮ್ಮದೇ ಇರಬೇಕು ಸಾರ್."

"ಒಂದು ಕಡತ ಕೇಳಿದ್ರಿ. ಅರ್ಧ ತಗೊಂಡು ಎದ್ದುಹೋದ್ರಿ. ವಾಪಸ್ ಬಂದು ಮತ್ತೆ ಮೊದಲಿಂದ ಕೇಳಿದ್ರಿ. ಅರ್ಧಕ್ಕೆ ಎದ್ದುಹೋದ್ರಿ. ಹೀಗೆ ನಲವತ್ತು ಸಲ. ಹೆಸರಿನ ಜಾಗ ನೋಡಿ, ಖಾಲಿ. ನಿಮ್ಮ ಮನೆಗೆ ಯಾರಾದ್ರೂ ಬಂದು ಹೀಗೆ ನಡ್ಕೊಂಡ್ರೆ ಏನಂತೀರಿ?"

"ಅದು ಮೆಷಿನ್ ಸಾರ್. ಲೈನ್ ಕಡಿದುಹೋದ್ರೆ ತಾನಾಗೇ ಮತ್ತೆ ಕೇಳುತ್ತೆ."

"ಮೆಷಿನ್‌ಗೆ ಹಾಗೆ ಮಾಡು ಅಂತ ಹೇಳಿಕೊಟ್ಟೋರು ಯಾರು?"

"ನಾನೇ ಸಾರ್."

ಮಾಸ್ತರು ಪೆನ್ಸಿಲು ಕೆಳಗಿಟ್ಟರು. ಅವರ ದನಿ ಜೋರಾಗಲಿಲ್ಲ, ಅದೇ ಅವಳಿಗೆ ಹೆಚ್ಚು ಕಷ್ಟವಾಯಿತು. ಕಟ್ಟೆಯ ಬಳಿಯ ಅಳತೆಯ ಯಂತ್ರ ಆರು ನಿಮಿಷಕ್ಕೊಮ್ಮೆ ನೀರಿನ ಮಟ್ಟವನ್ನು ಇದೇ ಸರ್ವರಿಗೆ ಒಪ್ಪಿಸುತ್ತದಂತೆ. ಶುಕ್ರವಾರ ಇವಳ ಲೈಬ್ರರಿ ಮೇಲೆ ಬಿದ್ದು ಕಿತ್ತಾಡುತ್ತಿದ್ದಾಗ ಆ ಬಡಪಾಯಿ ಯಂತ್ರಕ್ಕೆ ಒಳಗೆ ಬರಲು ಸಂದೇ ಸಿಗಲಿಲ್ಲ. ಹದಿನೆಂಟು ನಿಮಿಷದ ಅಳತೆ ಕೈತಪ್ಪುವುದರಲ್ಲಿತ್ತು. ಮಾಸ್ತರು ಕಾಗದ ಹಿಡಿದುಕೊಂಡು ಕಟ್ಟೆಗೆ ಓಡಿ, ನೀರಲ್ಲಿ ನೆಟ್ಟ ಹಳೇ ಅಳತೆಗಂಬವನ್ನು ಕಣ್ಣಲ್ಲೇ ನೋಡಿ ಬರೆದುಕೊಂಡರು. ಬರೆದುಕೊಂಡು ಹಿಂದೆ ತಿರುಗುವಾಗ ಪಾಚಿಯ ಮೇಲೆ ಕಾಲಿಟ್ಟರು.

ಪ್ಯಾಚಮ್ಮ ಉಣ್ಣೆಯ ಪಟ್ಟಿಯನ್ನು ನೋಡಿದಳು. ಅಂದರೆ ಆ ಮಂಡಿ ಅವಳದೇ ಕೆಲಸ. ಹತ್ತು ವರ್ಷದಲ್ಲಿ ಅವಳ ಪ್ರೋಗ್ರಾಮು ಎಷ್ಟೋ ಪರದೆಗಳನ್ನು ಕೆಡಿಸಿತ್ತು, ಮನುಷ್ಯರ ಕೀಲನ್ನು ಕೆಡಿಸಿದ್ದು ಇದೇ ಮೊದಲು.

"ಸರಿಮಾಡ್ತೀನಿ ಸಾರ್" ಎಂದಳು.

"ಮಂಡೀನೋ, ಲೈಬ್ರರೀನೋ?" ಎಂದು ಮಾಸ್ತರು ಕೇಳಿದರು. ನಗಬೇಕೋ ಬೇಡವೋ ತಿಳಿಯದೆ ಅವಳು ಎದ್ದು ಬಂದಳು.

ಇವತ್ತೇ ಸಾರ್ ಎಲ್ಲವನ್ನೂ ಕೇಳಿ, ಲೈಬ್ರರಿಯ ಹೊಟ್ಟೆಗೆ ಮಾತ್ರ ಕೈಹಾಕಬೇಡಿ ಎಂದರು. ಹೋದ ವರ್ಷ ಹೊಟ್ಟೆಗೆ ಕೈಹಾಕಿದ್ದರಿಂದ ಎರಡು ತಿಂಗಳು ಸಮುದ್ರ ತಲೆಕೆಳಗಾಗಿ ಕಂಡಿತ್ತು. ಅದೃಷ್ಟಕ್ಕೆ ಲೈಬ್ರರಿಯಲ್ಲಿ ಒಂದು ಕಿಂಡಿ ಇತ್ತು. ಕಡತ ತರಲು ಯಾರನ್ನು ಕಳಿಸಬೇಕು ಎಂಬುದನ್ನು ಅಲ್ಲಿ ಬದಲಾಯಿಸಬಹುದಾಗಿತ್ತು. ಹಾಗೆ ಹೋಗಿ ಬರುವ ಆಳಿಗೆ ಇವರ ಭಾಷೆಯಲ್ಲಿ ಡೌನ್‌ಲೋಡ್ ಹ್ಯಾಂಡ್ಲರ್ ಎಂದು ಹೆಸರು. ಈಗಿನ ಆಳು ಒರಟ. ಅವನನ್ನು ಬಿಡಿಸಿ ಹೊಸಬನೊಬ್ಬನನ್ನು ತಯಾರು ಮಾಡಬೇಕು, ಅಷ್ಟೆ.

ಮಂಗಳವಾರ ಅವಳು ಮನೆಯಲ್ಲೇ ಕೂತು ಕೆಲಸ ಹಿಡಿದಳು. ಅಡುಗೆಮನೆಯ ಮೇಜಿನ ಒಂದು ತುದಿಯಲ್ಲಿ ಲ್ಯಾಪ್‌ಟಾಪು, ಇನ್ನೊಂದು ತುದಿಯಲ್ಲಿ ಅವಳ ಅಮ್ಮ ಮತ್ತು ಸೊಪ್ಪು. ಅಮ್ಮ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಈಗಲೂ ಬಾಗಿಲಿಗೆ ಯಾರಾದರೂ ಬಂದರೆ "ಒಂದು ನಿಮಿಷ, ಲೈನಲ್ಲಿರಿ" ಎಂದೇ ಅನ್ನುತ್ತಿದ್ದರು. ಮಗಳು ನಡೆದದ್ದನ್ನು ಹೇಳಿದಾಗ ಅವರಿಗೆ ಮಾಸ್ತರ ಮೇಲೆ ಆಗಲೇ ಗೌರವ ಹುಟ್ಟಿತು.

"ಸರಿಯಾಗೇ ಅಂದಿದಾರೆ ಅವರು. ಯಾರೋ ನಿನಗೆ ಫೋನ್ ಮಾಡ್ತಾರೆ ಅಂತಿಟ್ಕೋ. ನಾನ್ಯಾರು ಅಂತ ಹೇಳ್ದೆ 'ಕೊಡಿ, ಕೊಡಿ, ಕೊಡಿ' ಅಂದ್ರೆ ಏನ್ ಮಾಡ್ತೀಯ?"

"ಇಟ್ಬಿಡ್ತೀನಿ."

"ಹಾಗಾದ್ರೆ ಮೊದಲು ಹೆಸರು ಹೇಳೋದು ಬರೀ. ಬರ್ದಾಯ್ತಾ? ಮಾತಿನ ಮಧ್ಯೆ ಲೈನ್ ಕಟ್ ಆಯ್ತು. ಮತ್ತೆ ಸಿಕ್ಕಾಗ ಏನ್ ಹೇಳ್ಬೇಕು?"

"ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಮುಂದಕ್ಕೆ ಕೊಡಿ ಅಂತ."

"ಜಾಣೆ. ಇನ್ನು, ನಿನ್ನೆ ಕೇಳಿದ್ದನ್ನೇ ಇವತ್ತೂ ಕೇಳೋಕೆ ಹೋಗ್ಬೇಡ. ಹೋದ್ಸಲ ಕೊಟ್ಟಿದ್ದು ಏನಾದ್ರೂ ಬದಲಾಗಿದ್ಯಾ ಅಂತ ಮಾತ್ರ ಕೇಳು. ಇಲ್ಲ ಅಂದ್ರೆ ಥ್ಯಾಂಕ್ಸ್ ಹೇಳಿ ಇಡು. ಕಾಯಿರಿ ಅಂದ್ರೆ ಕಾಯಿ. ಎಷ್ಟು ಹೊತ್ತು ಅಂದ್ರೋ ಅಷ್ಟು ಹೊತ್ತು. ಮತ್ತೆ ಆ ಕಡೆಯವರು ಏನಾದ್ರೂ ಹೇಳಿ ಕಳಿಸಿದ್ರೆ ಅದನ್ನ ನುಂಗ್ಕೋಬಾರದು ಕಣೇ, ಕೇಳಿದವರಿಗೆ ಮುಟ್ಟಿಸ್ಬೇಕು. ನಮ್ಮಲ್ಲಿ ಅದೇ ದೊಡ್ಡ ನಿಯಮ."

ಪ್ಯಾಚಮ್ಮ ಒಂದೊಂದನ್ನೂ ಬರೆದಳು. ಇಷ್ಟೂ ಶಿಷ್ಟಾಚಾರ, ಸರ್ವರುಗಳ ಜೊತೆ ಹೇಗೆ ಮಾತಾಡಬೇಕೆಂದು ಹೇಳುವ ಎಚ್‌ಟಿಟಿಪಿಯ ನಿಯಮಗಳಲ್ಲಿ ಎಂದಿನಿಂದಲೂ ಇತ್ತು. ಅವಳೇ ಅವಸರದಲ್ಲಿ ಓದದೆ ಬಿಟ್ಟಿದ್ದಳು.

ಪರೀಕ್ಷೆಗೆಂದು ಹೆಸರಿನ ಜಾಗದಲ್ಲಿ ಏನಾದರೂ ತುಂಬಬೇಕಾಗಿತ್ತು. "ಟೆಲಿಫೋನ್ ಆಪರೇಟರ್ ಮಗಳು ಮಾತಾಡ್ತಿದೀನಿ ಅಂತ ಹಾಕು" ಎಂದರು ಅಮ್ಮ. "ಮಂಡಿ ಹೇಗಿದೆ ಅಂತಾನೂ ಕೇಳು. ನೀನೇ ಬೀಳಿಸಿದೀಯ, ಅಷ್ಟೂ ಕೇಳದಿದ್ರೆ ಹೇಗೆ?" ಅವಳು ನಗುತ್ತಾ ಹಾಗೇ ಹಾಕಿದಳು. ಆ ಜಾಗ ನಮ್ಮ ಲಿಪಿಯನ್ನು ಒಪ್ಪದೆ ಎಲ್ಲವನ್ನೂ ಪ್ರಶ್ನೆಚಿಹ್ನೆಯಾಗಿ ತಿರುಗಿಸಿದ್ದರಿಂದ ಅದೇ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಳು.

ಹೊಸ ಆಳು ಹೊರಟಿತು. ಬಾಗಿಲು ತೆರೆಯಿತು! ಕಡತ ಸರಾಗವಾಗಿ ಬಂತು. ಅಮ್ಮ ಸೊಪ್ಪಿನ ಕೈಯಲ್ಲೇ ಚಪ್ಪಾಳೆ ತಟ್ಟಿದರು. ಎರಡನೆಯ ಕಡತಕ್ಕೆ ಸರ್ವರು ಕಾಯಲು ಹೇಳಿತು, ಮತ್ತು ಹೊಸ ಆಳು ಕಾಯುವ ಬದಲು ಎರಡು ಸೆಕೆಂಡಿಗೆ ಮೂವತ್ತು ಸಲ ಬಾಗಿಲು ಬಡಿಯಿತು.

"ಅಯ್ಯಯ್ಯೋ!" ಪ್ಯಾಚಮ್ಮ ಕುರ್ಚಿಯಿಂದ ಎದ್ದು ಗುಂಡಿ ಒತ್ತಿ ಅದನ್ನು ನಿಲ್ಲಿಸಿದಳು. ತಪ್ಪು ಹುಡುಕಲು ಅರ್ಧ ಗಂಟೆ ಹಿಡಿಯಿತು. ಇಷ್ಟು ಸೆಕೆಂಡು ಕಾಯಿ ಎಂಬ ಸಂಖ್ಯೆ ಬರುತ್ತದೆಂದು ಅವಳು ನಂಬಿದ್ದಳು. ಮಾಸ್ತರು "ಮಧ್ಯಾಹ್ನ ಎರಡು ಗಂಟೆಗೆ ಬನ್ನಿ" ಎಂದು ತಾರೀಖು, ವೇಳೆ ಹಾಕಿ ಕಳಿಸಿದ್ದರು. ಅದರಲ್ಲಿ ಸೆಕೆಂಡಿನ ಲೆಕ್ಕ ಕಾಣದ ಆಳು ಸೊನ್ನೆ ಸೆಕೆಂಡು ಎಂದು ಅರ್ಥ ಮಾಡಿಕೊಂಡಿತ್ತು. ಎರಡು ರೀತಿಯಲ್ಲೂ ಹೇಳಬಹುದು ಎಂದು ನಿಯಮದಲ್ಲೇ ಬರೆದಿತ್ತು. ಅದನ್ನೂ ಅವಳು ಓದಿರಲಿಲ್ಲ.

ಎರಡು ಗಂಟೆಗೆ, ತಿದ್ದಿದ ಆಳು ಒಂದೇ ಒಂದು ಸಲ ಬಾಗಿಲು ತಟ್ಟಿತು. ಕಡತದ ಜೊತೆಗೆ ಮಾಸ್ತರ ಸೂಚನೆಯೂ ಇಂಗ್ಲಿಷ್ ಅಕ್ಷರದಲ್ಲಿ ಬಂತು. ಅಮ್ಮ ಕನ್ನಡಕ ಏರಿಸಿ ಓದಿದರು. "ಊಟ ಇಳಿದಿದೆ. ಬೆಳಿಗ್ಗೆ ಎಣ್ಣೆ ಹಚ್ಚಿಸಿದೆ. ಏನೇ ಇದು, ಊಟಕ್ಕೆ ಯಾಕೆ ಎಣ್ಣೆ ಹಚ್ಚಿದ್ರು?"

"ಊತ ಅಮ್ಮಾ, ಊತ. ಮಂಡಿ ಊತ."

"ಓಹೋ! ಸದ್ಯ, ಕಡಿಮೆಯಾಯ್ತಲ್ಲ."

ಬುಧವಾರ ಬೆಳಿಗ್ಗೆ ಅವಳು ಆಫೀಸಿಗೆ ಹೋಗಿ, ಹ್ಯಾಂಡ್ಲರ್ ತಯಾರಾಗಿದೆ, ಆದರೆ ಪರೀಕ್ಷೆಯ ಒಂದೆರಡು ಸಾಲು ತೆಗೆಯಬೇಕು ಎಂದು ಹೇಳಿ ಟೀ ತರಲು ಕೆಳಗೆ ಇಳಿದಳು. ಇವತ್ತೇ ಸಾರ್‌ಗೆ ಕೇಳಿಸಿದ್ದು "ತಯಾರಾಗಿದೆ" ಎಂಬುದರವರೆಗೆ ಮಾತ್ರ. ಅವಳು ಟೀ ಹಿಡಿದು ಮೇಲೆ ಬರುವಷ್ಟರಲ್ಲಿ ಹೊಸ ಆವೃತ್ತಿ ಬಿಡುಗಡೆಯಾಗಿತ್ತು.

"ಕಳಿಸಿಬಿಟ್ಟೆ ಪ್ಯಾಚಮ್ಮ! ಇವತ್ತೇ!"

ಟೀ ಅವಳ ಬೆರಳ ಮೇಲೆ ತುಳುಕಿತು.

ಮೊದಲ ಕರೆ ಚರಂಡಿ ಎಂಜಿನಿಯರರದು. "ರೀ, ನಮ್ಮ ಸಿಸ್ಟಮ್ಮು ತಾನು ಯಾರದೋ ಮಗಳು ಅಂತ ಹೇಳ್ಕೊಂಡು ಓಡಾಡ್ತಿದೆ. ಮಂಡಿ ಹೇಗಿದೆ ಅಂತ ಬೇರೆ ವಿಚಾರಿಸ್ತಿದೆ. ನಾವು ಯಾವ ಮಂಡೀಲೂ ವ್ಯಾಪಾರ ಮಾಡಲ್ಲ. ನಮ್ಮ ಸೆಕ್ಯೂರಿಟಿಯವರು ಬಂದು ನನ್ನ ಕುರ್ಚಿ ಪಕ್ಕದಲ್ಲೇ ನಿಂತಿದಾರೆ, ಏನ್ ಹೇಳ್ಲಿ ಅವರಿಗೆ?"

"ಮಂಡಿ ಅಂದ್ರೆ ಅಂಗಡಿ ಅಲ್ಲ ಸಾರ್, ಕಾಲಿಂದು" ಎಂದಳು ಪ್ಯಾಚಮ್ಮ. ಅದರಿಂದ ಅವರಿಗೆ ಏನೂ ಸಮಾಧಾನವಾದಂತೆ ತೋರಲಿಲ್ಲ.

ಎರಡನೆಯದು ದೋಣಿ ಕಂಪನಿಯ ಮ್ಯಾನೇಜರದು. ಕೇಳಿದವರಿಗೆ ಮಾತು ಮುಟ್ಟಿಸಬೇಕು ಎಂಬ ಅಮ್ಮನ ನಿಯಮದಂತೆ, ಮಾಸ್ತರು ಸರ್ವರಿನಲ್ಲಿ ಹಾಗೇ ಬಿಟ್ಟಿದ್ದ ಹಿಂದಿನ ದಿನದ ಸೂಚನೆ ನೇರವಾಗಿ ಅವರ ಪರದೆಯ ಮೇಲೆ ಮೂಡಿತ್ತು. "ಊತ ಇಳಿದಿದೆ ಅಂದ್ರೆ ನೀರಿನ ಉಬ್ಬರ ಇಳಿದಿದೆ ಅಂತ ತಿಳ್ಕೊಂಡೆ, ಅದು ಸರಿ. ಆದ್ರೆ ಎಣ್ಣೆ ಅಂತಿದೆಯಲ್ಲ? ಬಂದರಲ್ಲಿ ಎಣ್ಣೆ ಚೆಲ್ಲಿದ್ಯಾ? ಮೂರು ದೋಣಿ ನಿಲ್ಲಿಸಿಬಿಟ್ಟಿದೀನಿ. ಜನ ಎಲ್ಲಾ ಲೈಫ್ ಜಾಕೆಟ್ ಹಾಕ್ಕೊಂಡು ಕೂತಿದಾರೆ!"

"ಬಿಡಿ ಮೇಡಮ್, ದೋಣಿ ಬಿಡಿ. ನೀರಲ್ಲಿ ಎಣ್ಣೆ ಇಲ್ಲ."

"ಮತ್ತೆಲ್ಲಿದೆ?"

"ಮಾಸ್ತರ ಕಾಲಲ್ಲಿ."

ಮೌನಿ ಹೆಡ್‌ಫೋನ್ ತೆಗೆದು ಕಿವಿಗೊಟ್ಟು ಕೂತ. ಆ ವರ್ಷ ಅವನು ಹೆಡ್‌ಫೋನ್ ತೆಗೆದದ್ದು ಅದೇ ಮೊದಲು. ಇವತ್ತೇ ಸಾರ್ ಮುಖ ಬಿಳಿಚಿಕೊಂಡು ಕಿಟಕಿಯ ಬಳಿ ನಿಂತಿದ್ದರು. ಮಧ್ಯಾಹ್ನದ ಹೊತ್ತಿಗೆ, ಎಲ್ಲರೂ ಹೆದರಿ ಕಾಯುತ್ತಿದ್ದ ಕರೆ ಹನ್ನೊಂದನೇ ನಂಬರಿನ ಕೋಣೆಯಿಂದ ಬಂತು.

"ಏನಮ್ಮಾ" ಎಂದರು ಮಾಸ್ತರು. "ನಿನಗೆ ಎಷ್ಟು ಜನ ಅಕ್ಕತಂಗಿಯರು?"

"ಒಬ್ಬಳೇ ಮಗಳು ಸಾರ್."

"ಇಲ್ಲಿ ಬೆಳಗಿಂದ ಮುನ್ನೂರ ಹನ್ನೆರಡು ಆಪರೇಟರ್ ಮಕ್ಕಳು ಬಂದುಹೋದ್ರು. ನಾಲ್ಕು ಸಾವಿರದ ಆರುನೂರು ಸಲ ನನ್ನ ಮಂಡಿ ವಿಚಾರಿಸಿದಾರೆ. ನಮ್ಮ ಸ್ವಂತ ತಮ್ಮ ಪಕ್ಕದ ಬೀದೀಲಿದಾನೆ, ಒಂದು ಸಲ ಕೇಳಿಲ್ಲ. ಎಲ್ಲಾ ಸಾಲಿಗೂ ಗುರುತು ಹಾಕೀ ಹಾಕೀ ಈಗ ಮಣಿಕಟ್ಟು ಹಿಡ್ಕೊಂಡಿದೆ."

"ತಪ್ಪಾಯ್ತು ಸಾರ್. ಈಗಲೇ ತೆಗೆಸ್ತೀನಿ."

"ಪೂರ್ತಿ ಕೇಳು. ಅಷ್ಟು ಜನ ಬಂದ್ರೂ ಒಬ್ಬರೂ ನುಗ್ಗಲಿಲ್ಲ. ಕಾಯಿ ಅಂದ್ರೆ ಕಾದ್ರು. ಅರ್ಧಕ್ಕೆ ನಿಂತಿದ್ದನ್ನ ಅರ್ಧದಿಂದಾನೇ ಕೇಳಿದ್ರು. ಕಟ್ಟೆ ಮೇಲಿನ ಯಂತ್ರ ಒಂದು ಅಳತೇನೂ ತಪ್ಪಿಸಿಲ್ಲ. ಚೆನ್ನಾಗಿ ಬೆಳೆಸಿದೀಯ. ಆದ್ರೆ ಒಬ್ಬೊಬ್ಬರೂ ಅವರವರ ಹೆಸರು ಹೇಳೋ ಹಾಗೆ ಮಾಡು. ಯಾಕೆ ಬಂದೆ ಅಂತಾನೂ ಹೇಳ್ಲಿ. ಎಲ್ಲರೂ ನೀನೇ ಆದ್ರೆ ನನಗೆ ಏನು ಗೊತ್ತಾಗುತ್ತೆ?"

ಮಾರನೆಯ ದಿನ ಹೊರಟ ಆವೃತ್ತಿಯಲ್ಲಿ ಬಳಸುವವರು ತಮ್ಮ ಹೆಸರು, ಬಂದ ಕೆಲಸ ಎರಡನ್ನೂ ಸ್ವತಃ ತುಂಬಬೇಕಾಗಿತ್ತು. ತುಂಬದಿದ್ದರೆ ಹ್ಯಾಂಡ್ಲರ್ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಎರಡು ದಿನ ಎಲ್ಲೆಡೆ ಗೊಣಗಾಟ. ಇದೇನು ಕಂಪ್ಯೂಟರೋ, ಹೆಣ್ಣು ನೋಡಲು ಬಂದ ಬೀಗರೋ, ಇಷ್ಟೆಲ್ಲಾ ವಿಚಾರಿಸುತ್ತದೆ ಎಂದು ಒಬ್ಬರು ಉದ್ದನೆಯ ಕಾಗದವನ್ನೇ ಬರೆದರು. ಯಾರೋ 'ಯಾರೋ ಒಬ್ಬ' ಎಂದು ಹೆಸರು ಕೊಟ್ಟು, ಸಂಜೆಯೊಳಗೆ ಬಾಗಿಲಿನಿಂದ ಹೊರಗಾಗಿ, ಮರುದಿನ ತಂದೆಯ ಹೆಸರನ್ನೂ ಸೇರಿಸಿ ಬರೆದು ಒಳಗೆ ಬಂದರು. ಆಮೇಲೆ ಗೊಣಗಾಟ ತಾನಾಗಿ ತಣ್ಣಗಾಯಿತು.

ಹದಿನೈದು ದಿನ ಕಳೆದು ಪ್ಯಾಚಮ್ಮ ಒಂದು ಮಧ್ಯಾಹ್ನ ಬೇರೊಂದು ತೇಪೆಯಲ್ಲಿ ಮುಳುಗಿದ್ದಾಗ ಮಾಸ್ತರು ಮತ್ತೆ ಫೋನು ಮಾಡಿದರು. ದೂರೇನೂ ಇರಲಿಲ್ಲ. ಅವರಿಗೆ ರಿಜಿಸ್ಟರನ್ನು ಯಾರಿಗಾದರೂ ಓದಿ ಹೇಳಬೇಕಾಗಿತ್ತು.

"ಕೇಳು. 'ಸೇತುವೆಯ ಮೂರನೇ ಕಂಬ, ಕಾಂಕ್ರೀಟು ಸುರಿಯೋಕೆ.' 'ಈಜು ಕಲಿಸೋ ಹೊತ್ತು ಗೊತ್ತುಮಾಡೋಕೆ.' 'ನೀರು ಇಳಿದಾಗ ದೋಣಿಯ ಹೊಟ್ಟೆಗೆ ಬಣ್ಣ ಬಳಿಯೋಕೆ.' ಒಬ್ಬಳು ಬರೆದಿದಾಳೆ, 'ನಮ್ಮ ಅತ್ತೆ ಮನೆ ನೆಲಮಾಳಿಗೆಗೆ ನೀರು ನುಗ್ಗುತ್ತಾ ನೋಡೋಕೆ' ಅಂತ. ನುಗ್ಗಲಿ ಅಂತಾನೋ, ಬೇಡ ಅಂತಾನೋ, ಅದನ್ನ ಬರೆದಿಲ್ಲ." ಹಾಳೆ ತಿರುವಿದ ಸದ್ದು ಕೇಳಿಸಿತು. "ಮೂವತ್ತೆಂಟು ವರ್ಷದಿಂದ ಅಳೀತಿದೀನಮ್ಮ. ನನಗಿಂತ ಮುಂಚೆ ಇನ್ನೊಬ್ಬರು ಅಳೆದ್ರು. ಇದನ್ನ ಯಾರು ತಗೊಂಡು ಏನು ಮಾಡ್ತಾರೆ ಅಂತ ನನಗೆ ಯಾರೂ ಹೇಳಿರ್ಲಿಲ್ಲ."

ಪ್ಯಾಚಮ್ಮನ ಲೈಬ್ರರಿಗೆ ಅಷ್ಟೂ ಜನ ಬರಿಯ ಅಂಕೆಗಳಾಗಿದ್ದರು. ಸಂಖ್ಯೆ ಏರಿದರೆ ಖುಷಿ, ಇಳಿದರೆ ಇವತ್ತೇ ಸಾರ್ ಮುಖ ಸಣ್ಣದು. ಬಣ್ಣ ಬಳಿಯುವವನ ವಿಷಯ ಅವಳೂ ಕೇಳಿರಲಿಲ್ಲ.

"ಇನ್ನೊಂದಿದೆ" ಎಂದರು ಮಾಸ್ತರು. "ದಿನಾ ಬೆಳಿಗ್ಗೆ ಏಳು ಗಂಟೆಗೆ ಒಬ್ಬರು ಬರ್ತಾರೆ. ಒಂದೇ ಒಂದು ಅಳತೆ ತಗೊಂಡು ಹೋಗ್ತಾರೆ. ಕೆಲಸದ ಜಾಗದಲ್ಲಿ ಏನು ಬರೆದಿದಾರೆ ಗೊತ್ತಾ? 'ಸುಮ್ಮನೆ, ನೀರು ಎಲ್ಲಿಗೆ ಬಂದಿದೆ ಅಂತ.' ಅಷ್ಟೆ. ಯಾರಿರಬಹುದು?"

"ಅವರು ಹೇಳಿದ್ದಕ್ಕಿಂತ ಹೆಚ್ಚು ನಮಗೂ ಗೊತ್ತಾಗಲ್ಲ ಸಾರ್."

"ಬೇಡ ಬಿಡು. ಆದ್ರೆ ಏಳು ಗಂಟೆಗೆ ಇಲ್ಲಿ ಗಲಾಟೆ ಜಾಸ್ತಿ. ಅವರಿಗೆ ದಿನಾ ಐದಾರು ನಿಮಿಷ ಕಾಯಿ ಅಂತ ಹೇಳಬೇಕಾಗುತ್ತೆ, ಪಾಪ ಕಾಯ್ತಾರೆ. ಅವರೊಬ್ಬರನ್ನ ಮುಂದಕ್ಕೆ ಬಿಡೋಕೆ ಆಗುತ್ತಾ?"

"ಅದು ನಿಮ್ಮ ಸರ್ವರ್ ಸಾರ್. ನೀವು ಬಿಟ್ರೆ ಆಯ್ತು. ಹೇಗೆ ಅಂತ ನಾನು ಹೇಳ್ಕೊಡ್ತೀನಿ. ಪೆನ್ಸಿಲ್ ಇದ್ಯಾ?"

"ಇದೆ, ಹೇಳು" ಎಂದರು ಮಾಸ್ತರು. ಅವಳು ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಾ ಹೋದಳು.